ಪಿಜಿ ಸೀಟು ಸಿಗದಿದ್ದರೆ ಮುಂದೇನು: ಎಂಬಿಬಿಎಸ್ ಮುಗಿಸಿದವರಿಗೆ ಸಮಗ್ರ ಮಾರ್ಗದರ್ಶಿ

ಸ್ನಾತಕೋತ್ತರ (ಪಿಜಿ) ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ಬರೆಯುವವರ ಸಂಖ್ಯೆ ಈಚೆಗೆ 2 ಲಕ್ಷ ದಾಟಿದೆ. ದೇಶದಲ್ಲಿರುವ ಪಿಜಿ ಸೀಟುಗಳು ಅದರ ಅರ್ಧದಷ್ಟೂ ಇಲ್ಲ. ಇರುವುದರಲ್ಲೂ ಎಲ್ಲರ ಕಣ್ಣು ಮೆಡಿಸಿನ್, ರೇಡಿಯಾಲಜಿ, ಪೀಡಿಯಾಟ್ರಿಕ್ಸ್, ಡರ್ಮಟಾಲಜಿಯಂಥ ಬೆರಳೆಣಿಕೆಯ ಬ್ರಾಂಚುಗಳ ಮೇಲೆ. ಹಾಗಾಗಿ ಪಟ್ಟಿಯಲ್ಲಿ ಹೆಸರು ಬರದವರೇ ಹೆಚ್ಚು. ಹೆಸರಿಲ್ಲವೆಂದು ಗೊತ್ತಾದ ವಾರ ಬಹುತೇಕರು ಎರಡರಲ್ಲೊಂದು ಮಾಡುತ್ತಾರೆ: ಕೋಚಿಂಗ್ ಆ್ಯಪ್‌ಗೆ ಮತ್ತೆ ದುಡ್ಡು ಕಟ್ಟುತ್ತಾರೆ, ಇಲ್ಲವೇ ಮೊದಲು ಫೋನ್ ಮಾಡಿದ ಆಸ್ಪತ್ರೆಗೆ ಡ್ಯೂಟಿ ಡಾಕ್ಟರಾಗಿ ಸೇರುತ್ತಾರೆ. ಎರಡೂ ದಾರಿಗಳೇ. ಆದರೆ ಇನ್ನೂ ಹತ್ತು ದಾರಿಗಳಿವೆ, ಅವುಗಳಲ್ಲಿ ಕೆಲವಕ್ಕೆ ಕೊನೆಯ ದಿನಾಂಕ ಇದೇ ವಾರಗಳಲ್ಲಿ ಬಿದ್ದಿರುತ್ತದೆ.

ಯಾವ ದಾರಿ ಹಿಡಿಯುವ ಮುನ್ನವೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೊನೆಗೆ ಕೈಗೆ ಬರುವ ಪ್ರಮಾಣಪತ್ರಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಮಾನ್ಯತೆ ಇದೆಯೇ? ಅದರಲ್ಲಿರುವಾಗ ಮುಂದಿನ ನೀಟ್ ಬರೆಯಲು ನಿಯಮವೂ ಸಮಯವೂ ಬಿಡುತ್ತವೆಯೇ? ನಡುವೆ ಬಿಟ್ಟು ಬರಬೇಕಾದರೆ ಎಷ್ಟು ತೆರಬೇಕು? ಸಂಬಳ ಎಷ್ಟೆಂಬುದು ನಾಲ್ಕನೆಯ ಪ್ರಶ್ನೆ, ಅದನ್ನು ಮೊದಲು ಕೇಳಿದವರೇ ಹೆಚ್ಚು ಸಿಕ್ಕಿಬೀಳುವುದು.

ಹೆಜ್ಜೆ 1: ಸೀಟು ನಿಜಕ್ಕೂ ಕೈತಪ್ಪಿದೆಯೇ ನೋಡಿ

ಎರಡನೇ ಸುತ್ತು ಮುಗಿದ ಕೂಡಲೇ ಕೈಚೆಲ್ಲುವವರಿದ್ದಾರೆ. ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ನಡೆಸುವ ಕೌನ್ಸೆಲಿಂಗ್‌ನಲ್ಲಿ, ಅಂದರೆ ಸೀಟು ಹಂಚಿಕೆಯಲ್ಲಿ, ಮೂರು ಸುತ್ತು, ಆಮೇಲೆ ಉಳಿದ ಸೀಟುಗಳ ಸ್ಟ್ರೇ ಸುತ್ತು ಇರುತ್ತವೆ. ಸರ್ಕಾರಿ ಕಾಲೇಜುಗಳ ಶೇ 50 ಅಖಿಲ ಭಾರತ ಕೋಟಾ, ಡೀಮ್ಡ್ ವಿಶ್ವವಿದ್ಯಾಲಯಗಳು, ಕೇಂದ್ರೀಯ ಸಂಸ್ಥೆಗಳು, ರಾಷ್ಟ್ರೀಯ ಪರೀಕ್ಷಾ ಮಂಡಳಿಯ (ಎನ್‌ಬಿಇಎಂಎಸ್) ಡಿಎನ್‌ಬಿ ಸೀಟುಗಳು ಇದರಡಿ ಬರುತ್ತವೆ. ಕರ್ನಾಟಕದ ರಾಜ್ಯ ಕೋಟಾ ಮತ್ತು ಖಾಸಗಿ ಕಾಲೇಜುಗಳ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಬೇರೆಯಾಗಿ ಹಂಚುತ್ತದೆ. ಎರಡಕ್ಕೂ ಪ್ರತ್ಯೇಕ ನೋಂದಣಿ. ಒಂದರಲ್ಲಿ ಮಾಡಿದರೆ ಇನ್ನೊಂದರಲ್ಲಿ ತಾನಾಗಿ ಆಗುವುದಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಪ್ರತಿ ವರ್ಷ ಕೆಲವರು ಹೊರಗುಳಿಯುತ್ತಾರೆ.

ಕಟ್‌ಆಫ್ ತಲುಪಿಲ್ಲ ಎಂದವರೂ ಕಾಯಬೇಕು. ಸಾಮಾನ್ಯ ವರ್ಗಕ್ಕೆ 50ನೇ, ಎಸ್‌ಸಿ, ಎಸ್‌ಟಿ, ಒಬಿಸಿಗೆ 40ನೇ ಪರ್ಸೆಂಟೈಲ್ (ಬರೆದವರಲ್ಲಿ ಶೇ ಎಷ್ಟು ಮಂದಿಗಿಂತ ಮೇಲಿದ್ದೀರಿ ಎಂಬ ಅಳತೆ) ಎಂಬುದು ಆರಂಭದ ಗೆರೆ. ಸೀಟುಗಳು ಖಾಲಿ ಉಳಿದಾಗ ಆ ಗೆರೆಯನ್ನು ಇಳಿಸಿದ್ದುಂಟು. 2023ರಲ್ಲಿ ಅದು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿದಿತ್ತು. ಇಳಿಸಿದ ಆದೇಶ ಬಂದ ಮೇಲೆ ನೋಂದಣಿಗೆ ಸಿಗುವುದು ಕೆಲವೇ ದಿನ. ಎಂಬಿಬಿಎಸ್ ಪದವಿ ಪ್ರಮಾಣಪತ್ರ, ಎಲ್ಲ ವರ್ಷಗಳ ಅಂಕಪಟ್ಟಿ, ಇಂಟರ್ನ್‌ಶಿಪ್ ಮುಗಿಸಿದ ಪತ್ರ, ವೈದ್ಯಕೀಯ ಪರಿಷತ್ತಿನ ನೋಂದಣಿ, ನೀಟ್ ಪ್ರವೇಶಪತ್ರ ಹಾಗೂ ಸ್ಕೋರ್‌ಕಾರ್ಡ್, ಜಾತಿ ಪ್ರಮಾಣಪತ್ರ ಇವೆಲ್ಲ ಸ್ಕ್ಯಾನ್ ಆಗಿ ಒಂದೇ ಫೋಲ್ಡರ್‌ನಲ್ಲಿರಲಿ. ಒಬಿಸಿಯವರು ಗಮನಿಸಬೇಕಾದ್ದು: ಎಂಸಿಸಿಗೆ ಕೇಂದ್ರ ಪಟ್ಟಿಯ ನಮೂನೆಯ ಪ್ರಮಾಣಪತ್ರ ಬೇಕು, ಕೆಇಎಗೆ ರಾಜ್ಯದ ಪ್ರವರ್ಗ ಪ್ರಮಾಣಪತ್ರ. ತಾಲ್ಲೂಕು ಕಚೇರಿಯಲ್ಲಿ ಇವೆರಡೂ ಬೇರೆ ಬೇರೆ ಅರ್ಜಿ.

ಠೇವಣಿಯ ಲೆಕ್ಕವೂ ತಿಳಿದಿರಲಿ. ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರಿಗೆ ₹25,000, ಮೀಸಲು ವರ್ಗದವರಿಗೆ ₹10,000. ಡೀಮ್ಡ್‌ಗೆ ಎಲ್ಲರಿಗೂ ₹2 ಲಕ್ಷ. ಸ್ಟ್ರೇ ಸುತ್ತಿನಲ್ಲಿ ಸೀಟು ಹಂಚಿಕೆಯಾಗಿ ಸೇರದಿದ್ದರೆ ಠೇವಣಿ ಹೋಗುವುದಷ್ಟೇ ಅಲ್ಲ, ಮುಂದಿನ ನೀಟ್ ಪಿಜಿಗೇ ನಿರ್ಬಂಧ ಬೀಳುತ್ತದೆ. ‘ಸುಮ್ಮನೆ ಹಾಕಿ ನೋಡೋಣ’ ಎಂದು ಆಯ್ಕೆ ತುಂಬುವ ಸುತ್ತು ಅದಲ್ಲ. ಅಲ್ಲಿ ಬರೆಯುವ ಪ್ರತಿ ಕಾಲೇಜಿನ ಶುಲ್ಕ ಕಟ್ಟಲು ನೀವು ಸಿದ್ಧರಿರಬೇಕು, ಇಲ್ಲದಿದ್ದರೆ ಆ ಸಾಲು ಅಳಿಸಿಬಿಡಿ.

ಇನ್ನೊಂದು ಬಾಗಿಲು ಹಲವರಿಗೆ ಕಾಣುವುದಿಲ್ಲ. ಪಿಜಿ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳ ಆಧಾರಿತ ಮೀಸಲಾತಿ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2025ರ ಜನವರಿ 29ರಂದು ತೀರ್ಪು ನೀಡಿತು. ಅದೇ ರಾಜ್ಯದ ಕಾಲೇಜಿನಲ್ಲಿ ಓದಿದವರಿಗೆ ಮಿತಿಯೊಳಗಿನ ಆದ್ಯತೆ ಕೊಡುವುದನ್ನು ಮಾತ್ರ ಉಳಿಸಿತು. ಹಾಗಾಗಿ ನೆರೆಯ ರಾಜ್ಯಗಳ ಆ ವರ್ಷದ ಮಾಹಿತಿ ಪುಸ್ತಿಕೆಯನ್ನೂ ಒಮ್ಮೆ ತೆರೆದು, ಯಾರು ಅರ್ಹರು ಎಂಬ ಪುಟವನ್ನಾದರೂ ಓದಿ.

ಹೆಜ್ಜೆ 2: ಸಿಕ್ಕುತ್ತಿರುವುದು ಬೇಡದ ಬ್ರಾಂಚ್ ಆದರೆ

ಇಲ್ಲಿ ಅವಸರ ಮಾಡಿದವರು ಮೂರು ವರ್ಷ ಅನುಭವಿಸುತ್ತಾರೆ. ಕೊನೆಯ ಸುತ್ತುಗಳಲ್ಲಿ ಉಳಿಯುವುದು ಹೆಚ್ಚಾಗಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ, ಮೈಕ್ರೋಬಯಾಲಜಿ, ಫೊರೆನ್ಸಿಕ್, ಕಮ್ಯುನಿಟಿ ಮೆಡಿಸಿನ್. ಪಾಠ ಮಾಡುವುದು ಇಷ್ಟವೋ ಅಲ್ಲವೋ ಎಂಬುದೇ ನಿರ್ಣಾಯಕ, ಏಕೆಂದರೆ ಮೊದಲ ಮೂರು ವಿಷಯಗಳ ಕೆಲಸ ಬಹುಪಾಲು ಕಾಲೇಜಿನೊಳಗೇ. ಮೈಕ್ರೋಬಯಾಲಜಿಗೆ ಪ್ರಯೋಗಾಲಯ ಮತ್ತು ಆಸ್ಪತ್ರೆ ಸೋಂಕು ನಿಯಂತ್ರಣ, ಫಾರ್ಮಕಾಲಜಿಗೆ ಔಷಧ ಕಂಪನಿ ಮತ್ತು ಕ್ಲಿನಿಕಲ್ ಟ್ರಯಲ್, ಕಮ್ಯುನಿಟಿ ಮೆಡಿಸಿನ್‌ಗೆ ಸರ್ಕಾರಿ ಯೋಜನೆಗಳು ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳು ತೆರೆದಿರುತ್ತವೆ. ಮನೆಯವರು ‘ಎಂಡಿ ಅಂತ ಬೋರ್ಡ್ ಹಾಕ್ಕೊಂಡು ಪ್ರಾಕ್ಟೀಸ್ ಮಾಡು’ ಎಂದರೆ ಆ ಮಾತಿಗೆ ಸೇರಬೇಡಿ. ಅನಾಟಮಿ ಎಂಡಿ ಇಟ್ಟುಕೊಂಡು ಬೋರ್ಡಿನಲ್ಲಿ ವಿಷಯ ಬರೆಯದೆ ಫಿಜಿಶಿಯನ್ ಎಂಬ ಭಾವನೆ ಹುಟ್ಟಿಸಿದರೆ ದೂರು ಬಂದ ದಿನ ಕಷ್ಟ.

ಡಿಎನ್‌ಬಿ ಎಂದರೆ ಮೂಗು ಮುರಿಯುವ ಕಾಲ ಹೋಯಿತು. ಎಂಬಿಬಿಎಸ್ ನಂತರದ ಡಿಎನ್‌ಬಿ 3 ವರ್ಷ, ಮಾನ್ಯ ಸ್ನಾತಕೋತ್ತರ ಅರ್ಹತೆ. ಅದಕ್ಕೂ ಕಡಿಮೆ ರ‍್ಯಾಂಕಿಗೆ ಸಿಗಬಹುದಾದದ್ದು ಎನ್‌ಬಿಇಎಂಎಸ್ 2020ರಿಂದ ಶುರು ಮಾಡಿದ 2 ವರ್ಷದ ಡಿಪ್ಲೊಮಾ: ಅರಿವಳಿಕೆ, ಪ್ರಸೂತಿ, ಮಕ್ಕಳ ವೈದ್ಯಕೀಯ, ಕಣ್ಣು, ಇಎನ್‌ಟಿ, ರೇಡಿಯಾಲಜಿ, ಕ್ಷಯ ಮತ್ತು ಎದೆರೋಗ, ಫ್ಯಾಮಿಲಿ ಮೆಡಿಸಿನ್ ಮೊದಲಾದವು. ಇದನ್ನು ಮುಗಿಸಿದವರು ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆಯಾದ ಪಿಡಿಸಿಇಟಿ ಬರೆದು ಅದೇ ವಿಷಯದಲ್ಲಿ 2 ವರ್ಷದ ಡಿಎನ್‌ಬಿಗೆ ಹೋಗಬಹುದು. ಒಟ್ಟು ನಾಲ್ಕು ವರ್ಷ. ಮೂರು ವರ್ಷದ ಸೀಟಿಗಾಗಿ ಒಂದು ವರ್ಷ ಡ್ರಾಪ್ (ಮತ್ತೆ ಪರೀಕ್ಷೆಗೆ ಓದಲು ಬಿಡುವು) ತೆಗೆದುಕೊಂಡರೂ ಲೆಕ್ಕ ಅದೇ ನಾಲ್ಕು. ವ್ಯತ್ಯಾಸ ಇಷ್ಟೇ, ಡಿಪ್ಲೊಮಾದಲ್ಲಿ ಸ್ಟೈಪೆಂಡ್ ಬರುತ್ತದೆ, ಕೈಗೆ ಕೆಲಸ ಹತ್ತುತ್ತದೆ. ಒಂದು ಎಚ್ಚರಿಕೆ: ಎನ್‌ಬಿಇಎಂಎಸ್ ಕೋರ್ಸಿಗೆ ಸೇರಿ ನಡುವೆ ಬಿಟ್ಟರೆ ಅವರ ಇನ್ನೊಂದು ಕೋರ್ಸಿಗೆ ಸೇರದಂತೆ ನಿರ್ಬಂಧ ಹಾಕುತ್ತಾರೆ. ‘ಈಗ ಸೇರಿ, ಮುಂದಿನ ವರ್ಷ ಬದಲಿಸೋಣ’ ಎಂಬ ಯೋಜನೆ ಇಲ್ಲಿ ನಡೆಯುವುದಿಲ್ಲ.

ಹಣ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಹಿಡಿಯುವವರು ಒಮ್ಮೆ ಕಂತಿನ ಲೆಕ್ಕ ಹಾಕಲಿ. ₹60 ಲಕ್ಷ ಸಾಲ, ಶೇ 10.5 ಬಡ್ಡಿ, 10 ವರ್ಷ ಎಂದರೆ ತಿಂಗಳ ಕಂತು ಸುಮಾರು ₹81,000. ಓದುವ ಮೂರು ವರ್ಷದ ಬಡ್ಡಿ ಅಸಲಿಗೆ ಸೇರಿಕೊಂಡರೆ ಇನ್ನೂ ಹೆಚ್ಚು. ಪಿಜಿ ಮುಗಿಸಿದ ಮೊದಲ ವರ್ಷವೇ ಸೀನಿಯರ್ ರೆಸಿಡೆಂಟ್ ಸಂಬಳದಲ್ಲಿ ಈ ಕಂತು ಕಟ್ಟಲು ಆಗುತ್ತದೆಯೇ? ರೇಡಿಯಾಲಜಿಯಂಥ ಬ್ರಾಂಚಿನಲ್ಲಿ ಇಡೀ ಕೋರ್ಸಿನ ಶುಲ್ಕ ಕೋಟಿ ಮೀರುವ ಕಾಲೇಜುಗಳಿವೆ. ಅಂಥಲ್ಲಿ ಈ ಪ್ರಶ್ನೆಗೆ ಆಸ್ತಿ ಮಾರದೆ ಉತ್ತರವಿಲ್ಲ. ಕೌನ್ಸೆಲಿಂಗ್‌ನ ಹೊರಗೆ ‘ಸೀಟು ಕೊಡಿಸುತ್ತೇವೆ’ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೌನ್ಸೆಲಿಂಗ್ ಮೂಲಕ ಬಾರದ ಪ್ರವೇಶ ಊರ್ಜಿತವೇ ಆಗುವುದಿಲ್ಲ.

ಹೆಜ್ಜೆ 3: ಮತ್ತೆ ಬರೆಯುವುದಾದರೆ, ಸೋತದ್ದೆಲ್ಲಿ ಎಂದು ಮೊದಲು ಅಳೆಯಿರಿ

ನೀಟ್ ಪಿಜಿ 200 ಪ್ರಶ್ನೆ, 800 ಅಂಕ. ಸರಿಗೆ +4, ತಪ್ಪಿಗೆ −1. 2024ರಿಂದ ಪತ್ರಿಕೆಯನ್ನು 40 ಪ್ರಶ್ನೆಗಳ ಐದು ಭಾಗ ಮಾಡಿ, ಪ್ರತಿ ಭಾಗಕ್ಕೆ 42 ನಿಮಿಷ ಕೊಡುತ್ತಾರೆ. ಭಾಗ ಮುಗಿದ ಮೇಲೆ ಹಿಂದಿರುಗುವಂತಿಲ್ಲ. ಅಂದರೆ ಪ್ರಶ್ನೆಗೆ 63 ಸೆಕೆಂಡ್. ಹಳೆಯ ಅಭ್ಯಾಸದಂತೆ ‘ಕೊನೆಗೆ ನೋಡೋಣ’ ಎಂದು ಗುರುತು ಹಾಕಿ ಮುಂದೆ ಹೋಗುವವರು ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ.

ಕೊನೆಯ ಮೂರು ನಾಲ್ಕು ಪೂರ್ಣ ಮಾಕ್ ಪರೀಕ್ಷೆಗಳನ್ನು ತೆರೆದು ಪ್ರತಿ ತಪ್ಪು ಉತ್ತರದ ಮುಂದೆ ಒಂದು ಗುರುತು ಹಾಕಿ: ಓದೇ ಇರಲಿಲ್ಲ, ಓದಿದ್ದು ಮರೆತಿತ್ತು, ಎರಡು ಆಯ್ಕೆಗಳ ನಡುವೆ ತೂಗಾಡಿ ತಪ್ಪಿದೆ, ಪ್ರಶ್ನೆಯನ್ನೇ ತಪ್ಪು ಓದಿದೆ. ಮೊದಲನೆಯದೇ ಹೆಚ್ಚಿದ್ದರೆ ಪಾಠದ ಕೊರತೆ, ಅದಕ್ಕೆ ಸಮಯ ಬೇಕು, ಪೂರ್ತಿ ಡ್ರಾಪ್‌ಗೆ ಅರ್ಥವಿದೆ. ಎರಡನೆಯದು ಮತ್ತು ಮೂರನೆಯದು ಹೆಚ್ಚಿದ್ದರೆ ಹೊಸ ವಿಡಿಯೊ ಉಪನ್ಯಾಸ ಕೊಳ್ಳುವುದು ವ್ಯರ್ಥ, ಪುನರಾವರ್ತನೆ ಮತ್ತು ಪ್ರಶ್ನೆಕೋಶ ಸಾಕು. ಅದನ್ನು ಕೆಲಸ ಮಾಡುತ್ತಲೇ ಮಾಡಬಹುದು. ನಾಲ್ಕನೆಯದು ಹೆಚ್ಚಿದ್ದರೆ ವಾರಕ್ಕೊಂದು ಮಾಕ್ ಅನ್ನು 42 ನಿಮಿಷದ ಗಡಿಯಾರ ಇಟ್ಟುಕೊಂಡೇ ಬರೆಯಿರಿ. ನಕಾರಾತ್ಮಕ ಅಂಕದ ಭಯವನ್ನೂ ಲೆಕ್ಕದಿಂದ ನೋಡಿ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೂ ಸರಾಸರಿ ಲಾಭ ಪ್ರಶ್ನೆಗೆ 0.25 ಅಂಕ. ಒಂದು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಬಲ್ಲಿರಾದರೆ ಅದು 0.67ಕ್ಕೆ ಏರುತ್ತದೆ. ಖಾಲಿ ಬಿಡುವುದರಿಂದ ಗಿಟ್ಟುವುದು ಏನೂ ಇಲ್ಲ.

ಎಷ್ಟು ಸಲ ಬರೆಯುತ್ತೀರಿ ಎಂಬುದನ್ನು ಈಗಲೇ ಬರೆದಿಡಿ. ಎರಡನೇ ಯತ್ನದಲ್ಲಿ ರ‍್ಯಾಂಕ್ ಗಮನಾರ್ಹವಾಗಿ ಸುಧಾರಿಸದಿದ್ದರೆ ಮೂರನೆಯದನ್ನು ಕೆಲಸ ಬಿಟ್ಟು ಬರೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮನೆಯಲ್ಲಿ ಕೂತ ಎರಡು ವರ್ಷಕ್ಕಿಂತ ಹೆಚ್ಚಿನ ಖಾಲಿ ಅವಧಿ ಸಂದರ್ಶನಗಳಲ್ಲಿ, ವಿದೇಶದ ಅರ್ಜಿಗಳಲ್ಲಿ ಎದ್ದು ಕಾಣುತ್ತದೆ.

ಹೆಜ್ಜೆ 4: ಓದುತ್ತಲೇ ಮಾಡುವ ಕೆಲಸ ಆರಿಸುವುದು

ಸಂಬಳದ ಅಂಕಿಯನ್ನಲ್ಲ, ಡ್ಯೂಟಿಯ ಆಕಾರವನ್ನು ನೋಡಿ. ತಿಂಗಳಿಗೆ 24 ಗಂಟೆಯ 8 ಡ್ಯೂಟಿ ಎಂದರೆ 192 ಗಂಟೆ. ಪ್ರತಿ ಡ್ಯೂಟಿಯ ಮರುದಿನ ಅರ್ಧ ದಿನ ನಿದ್ದೆಗೆ ಹೋದರೂ 18 ದಿನ ನಿಮ್ಮವು. ದಿನಕ್ಕೆ 8 ಗಂಟೆಯಂತೆ 144 ಗಂಟೆ ಓದು. ಅದೇ ದಿನಕ್ಕೆ 12 ಗಂಟೆಯಂತೆ 26 ದಿನದ ಕೆಲಸವಾದರೆ ರಾತ್ರಿ ಎರಡೆರಡು ಗಂಟೆ, ರಜೆಯ ನಾಲ್ಕು ದಿನ ಎಂಟೆಂಟು ಗಂಟೆ ಸೇರಿ 84 ಗಂಟೆ. ಎರಡನೆಯದರಲ್ಲಿ ಹತ್ತು ಸಾವಿರ ಹೆಚ್ಚು ಕೊಟ್ಟರೂ ಓದುವವರಿಗೆ ಮೊದಲನೆಯದೇ ಮೇಲು.

ಸೇರುವ ಮೊದಲು ಇವನ್ನು ಕೇಳಿ, ಉತ್ತರ ನೇಮಕ ಪತ್ರದಲ್ಲಿರಲಿ:

– ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುತ್ತಾರೆಯೇ? ‘ಹೌದು’ ಎಂದರೆ ಎದ್ದು ಬನ್ನಿ. ಕೌನ್ಸೆಲಿಂಗ್ ದಿನ ಅವು ಸಿಗದೆ ಸೀಟು ಹೋಗಬಹುದು.
– ಬಿಡಲು ನೋಟಿಸ್ ಎಷ್ಟು ದಿನ? 30ಕ್ಕಿಂತ ಹೆಚ್ಚಾದರೆ ನೀಟ್ ಪ್ರವೇಶಕ್ಕಾಗಿ ವಿನಾಯಿತಿ ಎಂದು ಒಂದು ಸಾಲು ಸೇರಿಸಿಸಿ.
– ರಾತ್ರಿ ಐಸಿಯುನಲ್ಲಿ ನೀವೊಬ್ಬರೇ ಇರುತ್ತೀರಾ? ಕರೆದರೆ ತಜ್ಞರು ಎಷ್ಟು ನಿಮಿಷದಲ್ಲಿ ಬರುತ್ತಾರೆ, ಅವರ ಫೋನ್ ಸಲಹೆಯನ್ನು ಕೇಸ್‌ಶೀಟಿನಲ್ಲಿ ಬರೆದರೆ ಬೆಳಿಗ್ಗೆ ಸಹಿ ಹಾಕುತ್ತಾರೆಯೇ?
– ಸಂಬಳವೋ, ವೃತ್ತಿ ಶುಲ್ಕವೋ? ವೃತ್ತಿ ಶುಲ್ಕವಾದರೆ ಶೇ 10 ಟಿಡಿಎಸ್ ಕಡಿತ, ಪಿಎಫ್ ಇಲ್ಲ. ರಿಟರ್ನ್ ಸಲ್ಲಿಸಿದರೆ ಕಡಿತವಾದ ಹಣದಲ್ಲಿ ಬಹುಪಾಲು ವಾಪಸ್ ಬರಬಹುದು. ಸಲ್ಲಿಸದೆ ಬಿಡುವವರೇ ಹೆಚ್ಚು.

ಆಸ್ಪತ್ರೆಯ ವಿಮೆ ನಿಮ್ಮನ್ನು ಕಾಯುತ್ತದೆ ಎಂದು ನಂಬಬೇಡಿ. ನಿಮ್ಮ ಹೆಸರಿನಲ್ಲಿ ವೃತ್ತಿ ಹೊಣೆ ವಿಮೆ ಮಾಡಿಸಿ. ಡ್ಯೂಟಿ ಡಾಕ್ಟರ್‌ಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಚಿಕಿತ್ಸೆಯ ತಪ್ಪಿನಿಂದಲ್ಲ, ಬರೆಯದೆ ಬಿಟ್ಟಿದ್ದರಿಂದ. ನೋಡಿದ ಸಮಯ, ರಕ್ತದೊತ್ತಡ, ನಾಡಿ, ತಜ್ಞರಿಗೆ ಕರೆ ಮಾಡಿದ ಗಂಟೆ, ಅವರು ಹೇಳಿದ್ದು, ಸಂಬಂಧಿಕರಿಗೆ ತಿಳಿಸಿದ್ದು ಇಷ್ಟನ್ನು ಬರೆದಿದ್ದರೆ ಅರ್ಧ ಗೆದ್ದಂತೆ. ಎಂಎಲ್‌ಸಿಯನ್ನು (ಅಪಘಾತ, ಹಲ್ಲೆಯಂಥ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ದಾಖಲೆ) ‘ಬೇಡ ಬಿಡಿ ಡಾಕ್ಟ್ರೇ’ ಎಂಬ ಮಾತಿಗೆ ಕೈಬಿಡಬೇಡಿ. ನೋಡದ ರೋಗಿಗೆ ಪ್ರಮಾಣಪತ್ರ, ಮಾಡದ ಪರೀಕ್ಷೆಗೆ ಸಹಿ, ಇವೆರಡು ಕೇಳುವ ಆಸ್ಪತ್ರೆಯಲ್ಲಿ ಎರಡನೇ ದಿನ ನಿಲ್ಲಬಾರದು.

ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ಸರ್ಕಾರದ ‘ನಮ್ಮ ಕ್ಲಿನಿಕ್’, ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆ ಹುದ್ದೆಗಳ ಪ್ರಕಟಣೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲೂ ಜಿಲ್ಲೆಯ ಜಾಲತಾಣದಲ್ಲೂ ಬರುತ್ತದೆ. ಹೆಚ್ಚಿನವು ನೇರ ಸಂದರ್ಶನದ ಮೂಲಕ ತುಂಬುವಂಥವು. ನಮ್ಮ ಕ್ಲಿನಿಕ್‌ನಲ್ಲಿ ಒಳರೋಗಿಗಳಿಲ್ಲ, ರಾತ್ರಿ ಡ್ಯೂಟಿಯೂ ಇಲ್ಲ, ಓದುವವರಿಗೆ ಹೊಂದುತ್ತದೆ. ಪಿಎಚ್‌ಸಿಯಲ್ಲಿ ಹೊರರೋಗಿಗಳಿಗಿಂತ ವರದಿ, ಸಭೆ, ಆನ್‌ಲೈನ್ ಎಂಟ್ರಿಗಳೇ ದಿನ ತಿನ್ನುತ್ತವೆ, ಅದಕ್ಕೆ ಸಿದ್ಧರಾಗಿ ಹೋಗಿ. ಕರ್ನಾಟಕದಲ್ಲಿ 2012ರ ಕಡ್ಡಾಯ ಸೇವಾ ಕಾಯ್ದೆಯ ವ್ಯಾಪ್ತಿಗೆ ಬರುವವರು ಸ್ಥಳ ಹಂಚಿಕೆಯ ಕೌನ್ಸೆಲಿಂಗ್ ತಪ್ಪಿಸಬಾರದು. ಸೇವೆ ಮುಗಿಸಿದ ಪತ್ರ ಅಥವಾ ವಿನಾಯಿತಿಯ ಪತ್ರ ಕೈಯಲ್ಲಿಲ್ಲದೆ ಮುಂದೆ ನೋಂದಣಿಯ ಕೆಲಸ ಸಿಕ್ಕಿಕೊಳ್ಳುತ್ತದೆ.

ಹೆಜ್ಜೆ 5: ಕಾಯಂ ಸರ್ಕಾರಿ ಹುದ್ದೆ

ಯುಪಿಎಸ್‌ಸಿಯ ಕಂಬೈನ್ಡ್ ಮೆಡಿಕಲ್ ಸರ್ವಿಸಸ್ ಪರೀಕ್ಷೆಯನ್ನು ನೀಟ್‌ಗೆ ಓದಿದವರು ಹೆಚ್ಚುವರಿ ಶ್ರಮವಿಲ್ಲದೆ ಬರೆಯಬಹುದು. ತಲಾ 250 ಅಂಕದ ಎರಡು ಪತ್ರಿಕೆ, ಪ್ರತಿಯೊಂದರಲ್ಲಿ 120 ಪ್ರಶ್ನೆ, 2 ಗಂಟೆ. ಮೊದಲನೆಯದರಲ್ಲಿ ಮೆಡಿಸಿನ್ 96, ಪೀಡಿಯಾಟ್ರಿಕ್ಸ್ 24. ಎರಡನೆಯದರಲ್ಲಿ ಸರ್ಜರಿ, ಪ್ರಸೂತಿ, ಕಮ್ಯುನಿಟಿ ಮೆಡಿಸಿನ್ ತಲಾ 40. ಅಂದರೆ ನೀಟ್‌ಗೆ ಕೊನೆಗೆ ಓದಿ ಮುಗಿಸುತ್ತಿದ್ದ ಕಮ್ಯುನಿಟಿ ಮೆಡಿಸಿನ್ ಇಲ್ಲಿ ಸರ್ಜರಿಯಷ್ಟೇ ತೂಗುತ್ತದೆ. ತಪ್ಪಿಗೆ ಮೂರನೇ ಒಂದು ಭಾಗ ಕಡಿತ, ಆದ್ದರಿಂದ ಕುರುಡು ಊಹೆಯಿಂದ ಇಲ್ಲಿ ಲಾಭ ಸೊನ್ನೆ. ನೀಟ್‌ನ ಸೂತ್ರವನ್ನು ಇಲ್ಲಿಗೆ ತರಬೇಡಿ. ಸಂದರ್ಶನಕ್ಕೆ 100 ಅಂಕ. ವಯೋಮಿತಿ ಸಾಮಾನ್ಯವಾಗಿ 32. ರೈಲ್ವೆ, ಕೇಂದ್ರ ಆರೋಗ್ಯ ಸೇವೆ, ದೆಹಲಿಯ ನಗರಾಡಳಿತ ಸಂಸ್ಥೆಗಳಲ್ಲಿ ನೇಮಕ. ಮೂಲವೇತನ ₹56,100ರಿಂದ ಆರಂಭ, ಅದರ ಮೇಲೆ ತುಟ್ಟಿಭತ್ಯೆ ಮತ್ತು ಖಾಸಗಿ ಪ್ರಾಕ್ಟೀಸ್ ಮಾಡದಿರುವುದಕ್ಕೆ ಶೇ 20 ಭತ್ಯೆ (ಎನ್‌ಪಿಎ).

ಸೇನಾ ವೈದ್ಯಕೀಯ ಸೇವೆಯ ಶಾರ್ಟ್ ಸರ್ವಿಸ್ ಕಮಿಷನ್‌ಗೆ ಪ್ರತ್ಯೇಕ ಲಿಖಿತ ಪರೀಕ್ಷೆಯಿಲ್ಲ. ಈಚಿನ ಅಧಿಸೂಚನೆಗಳಲ್ಲಿ ನೀಟ್ ಪಿಜಿ ಅರ್ಹತೆ ಕೇಳುತ್ತಾರೆ, ಆಮೇಲೆ ಸಂದರ್ಶನ ಮತ್ತು ದೇಹ ತಪಾಸಣೆ. ಎಂಬಿಬಿಎಸ್ ಅಭ್ಯರ್ಥಿಗೆ ವಯೋಮಿತಿ 30, ಸೇರುವ ಹುದ್ದೆ ಕ್ಯಾಪ್ಟನ್. ಮೊದಲ ಅವಧಿ 5 ವರ್ಷ, ಬಯಸಿದರೆ ಒಟ್ಟು 14 ವರ್ಷದವರೆಗೆ ವಿಸ್ತರಣೆ. ಸೀಟಿಗೆ ಸಾಲದ ರ‍್ಯಾಂಕ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ರಾಜ್ಯ ಸರ್ಕಾರದ ಕಾಯಂ ವೈದ್ಯಾಧಿಕಾರಿ ಹುದ್ದೆಯ ದೊಡ್ಡ ಆಕರ್ಷಣೆ ಪಿಜಿ ಸೀಟುಗಳಲ್ಲಿ ಸೇವಾನಿರತರಿಗಿರುವ ಕೋಟಾ. ಇಂಥ ಪ್ರತ್ಯೇಕ ಪಾಲು ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 31ರಂದು ಸ್ಪಷ್ಟಪಡಿಸಿದೆ. ಕೆಲವು ವರ್ಷ ಸೇವೆಯಾದ ಮೇಲೆ, ಸಂಬಳ ಪಡೆಯುತ್ತಲೇ, ಚಿಕ್ಕ ಗುಂಪಿನ ಸ್ಪರ್ಧೆಯಲ್ಲಿ ಪಿಜಿ ಮಾಡಬಹುದು. ಬದಲಿಗೆ ಓದಿನ ನಂತರ ಸೇವೆ ಮಾಡುವ ಬಾಂಡ್ ಬರೆದುಕೊಡಬೇಕು. ಗುತ್ತಿಗೆ ನೌಕರರಿಗೆ ಈ ಕೋಟಾ ಅನ್ವಯಿಸುತ್ತದೆ ಎಂದು ಯಾರಾದರೂ ಹೇಳಿದರೆ ಆದೇಶದ ಪ್ರತಿ ಕೇಳಿ.

ಹೆಜ್ಜೆ 6: ಸಣ್ಣ ಕೋರ್ಸುಗಳು, ಮಾನ್ಯತೆ ಎಂಬ ಮುಳ್ಳು

ಎಂಬಿಬಿಎಸ್ ಆದವರ ಮುಂದೆ ಫೆಲೊಶಿಪ್, ಪಿಜಿ ಡಿಪ್ಲೊಮಾ, ಮಾಸ್ಟರ್ಸ್ ಎಂಬ ಹೆಸರಿನ ನೂರಾರು ಜಾಹೀರಾತುಗಳಿವೆ. ಕಲಿಸುವುದು ಒಳ್ಳೆಯದೇ ಇರಬಹುದು. ಆದರೆ 2002ರ ವೃತ್ತಿ ನೀತಿ ನಿಯಮಗಳ ಪ್ರಕಾರ ಮಾನ್ಯತೆಯಿರುವ ಅರ್ಹತೆಯನ್ನು ಮಾತ್ರ ಹೆಸರಿನ ಮುಂದೆ ಬರೆಯಬಹುದು, ಆ ಶಾಖೆಯ ವಿಶೇಷ ಅರ್ಹತೆ ಇಲ್ಲದೆ ತಜ್ಞ ಎಂದು ಹೇಳಿಕೊಳ್ಳುವಂತಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖಾಸಗಿ ಆಸ್ಪತ್ರೆಗಳು ನಡೆಸುವ ಎಂಇಎಂ (ಮಾಸ್ಟರ್ಸ್ ಇನ್ ಎಮರ್ಜೆನ್ಸಿ ಮೆಡಿಸಿನ್) ಕೋರ್ಸು ತುರ್ತು ಚಿಕಿತ್ಸೆಯಲ್ಲಿ ಒಳ್ಳೆಯ ಪಳಗುವಿಕೆ ಕೊಡುತ್ತದೆ, ಕೆಲಸವೂ ಸಿಗುತ್ತದೆ. ಎನ್‌ಎಂಸಿ ದೃಷ್ಟಿಯಲ್ಲಿ ಅದು ಎಂಡಿಗೆ ಸಮವಲ್ಲ. ಮೂರು ವರ್ಷ ಕೊಡುವ ಮೊದಲು ಇದು ಗೊತ್ತಿರಬೇಕು. ಮುಂಬೈನ ಕಾಲೇಜ್ ಆಫ್ ಫಿಜಿಶಿಯನ್ಸ್ ಆ್ಯಂಡ್ ಸರ್ಜನ್ಸ್ (ಸಿಪಿಎಸ್) ಕೊಡುವ ಡಿಪ್ಲೊಮಾಗಳ ಮಾನ್ಯತೆಯೂ ಬಂದು ಹೋಗಿ ಗೊಂದಲವಾದದ್ದೇ. ಸೇರುವ ದಿನದ ಸ್ಥಿತಿಯನ್ನು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ಲಿಖಿತವಾಗಿ ಕೇಳಿ.

ಕಾನೂನಿನ ಬೆಂಬಲವಿದ್ದು, ಸಂಪಾದನೆಗೂ ದಾರಿಯಾಗುವ ಸಣ್ಣ ತರಬೇತಿಗಳಲ್ಲಿ ಎರಡನ್ನು ಎತ್ತಿ ಹೇಳಬಹುದು. ಮೊದಲನೆಯದು ಅಲ್ಟ್ರಾಸೌಂಡ್. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ 2014ರಲ್ಲಿ ಬಂದ ನಿಯಮದಂತೆ ಎಂಬಿಬಿಎಸ್ ವೈದ್ಯರಿಗೆ 6 ತಿಂಗಳ, 300 ಗಂಟೆಯ ಉದರ ಮತ್ತು ಶ್ರೋಣಿಯ ಸ್ಕ್ಯಾನ್ ತರಬೇತಿ, ಕೊನೆಗೆ ಸಾಮರ್ಥ್ಯ ಪರೀಕ್ಷೆ. ಮಾನ್ಯ ಕೇಂದ್ರದಲ್ಲಿ ಮಾಡದಿದ್ದರೆ ಜಿಲ್ಲಾ ಪ್ರಾಧಿಕಾರ ನಿಮ್ಮ ಹೆಸರನ್ನು ಸೇರಿಸಿಕೊಳ್ಳುವುದಿಲ್ಲ. ವಾರಾಂತ್ಯದ ಕಾರ್ಯಾಗಾರದ ಪತ್ರಕ್ಕೆ ಇಲ್ಲಿ ಬೆಲೆಯಿಲ್ಲ. ಒಬ್ಬ ವೈದ್ಯರು ಒಂದು ಜಿಲ್ಲೆಯೊಳಗೆ ಎರಡಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಸ್ಕ್ಯಾನ್ ಮಾಡುವಂತಿಲ್ಲ. ಗರ್ಭಿಣಿಯರ ಸ್ಕ್ಯಾನಿನ ದಾಖಲೆಯಾದ ನಮೂನೆ ‘ಎಫ್’ ತುಂಬುವುದರಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ಮೊಕದ್ದಮೆ ಆಗಬಹುದಾದ ಕಾಯ್ದೆ ಇದು, ಗುಮಾಸ್ತರಿಗೆ ಬಿಡಬೇಡಿ.

ಎರಡನೆಯದು ಎಎಫ್‌ಐಎಚ್, ಔದ್ಯೋಗಿಕ ಆರೋಗ್ಯದ 3 ತಿಂಗಳ ಕೋರ್ಸು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಿಗೆ ಈ ತರಬೇತಿಯಿರುವ ವೈದ್ಯರು ಬೇಕು. ಮುಂಬೈನ ಕೇಂದ್ರೀಯ ಕಾರ್ಮಿಕ ಸಂಸ್ಥೆ ಮತ್ತು ಪ್ರಾದೇಶಿಕ ಸಂಸ್ಥೆಗಳಲ್ಲಿ ನಡೆಯುತ್ತದೆ. ಹಗಲು ಕೆಲಸ, ನಿಶ್ಚಿತ ವೇಳೆ, ಸ್ಪರ್ಧೆ ಕಡಿಮೆ. ರಾತ್ರಿ ಡ್ಯೂಟಿಯಿಂದ ಬೇಸತ್ತವರು ಇದನ್ನು ಯೋಚಿಸುವುದೇ ಇಲ್ಲವೆಂಬುದು ಆಶ್ಚರ್ಯ. ಕುಟುಂಬ ವೈದ್ಯರಾಗಿ ನೆಲೆಸುವ ಮನಸ್ಸಿದ್ದವರಿಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಎರಡು ವರ್ಷದ ದೂರಶಿಕ್ಷಣ ಫ್ಯಾಮಿಲಿ ಮೆಡಿಸಿನ್ ಡಿಪ್ಲೊಮಾ ಕೆಲಸ ಬಿಡದೆ ಮಾಡಬಹುದಾದದ್ದು. ಬೋರ್ಡಿನ ಮೇಲಿನ ಅಕ್ಷರಕ್ಕಿಂತ ದಿನದ ಹೊರರೋಗಿಗಳಿಗೆ ಉಪಯೋಗ.

ಹೆಜ್ಜೆ 7: ಸ್ವಂತ ಕ್ಲಿನಿಕ್

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಇಲ್ಲದೆ ಬಾಗಿಲು ತೆರೆಯಬಾರದು. ಆನ್‌ಲೈನ್ ಅರ್ಜಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದ ಪರಿಶೀಲನೆ, 5 ವರ್ಷದ ಮಾನ್ಯತೆ. ಅದಕ್ಕೂ ಮುನ್ನ ಜೈವಿಕ ವೈದ್ಯಕೀಯ ತ್ಯಾಜ್ಯದ ಸಾಮಾನ್ಯ ವಿಲೇವಾರಿ ಘಟಕದೊಡನೆ ಒಪ್ಪಂದ ಮಾಡಿಕೊಂಡು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಿರಿ. ಹಾಸಿಗೆಯಿಲ್ಲದ ಕ್ಲಿನಿಕ್‌ಗೆ ಇದು ಒಮ್ಮೆ ಪಡೆದರೆ ಸಾಕು. ಬಾಡಿಗೆ ಕರಾರಿನಲ್ಲಿ ‘ಕ್ಲಿನಿಕ್ ಉದ್ದೇಶಕ್ಕೆ’ ಎಂಬ ಪದ ಇಲ್ಲದೆ ಅರ್ಜಿ ವಾಪಸ್ ಬರುವುದು ಸಾಮಾನ್ಯ. ಶುಲ್ಕದ ಪಟ್ಟಿಯನ್ನು ಕಾಣುವಂತೆ ಹಾಕಬೇಕು.

ನಿಮ್ಮ ರೋಗಿಗಳಿಗೆ ನೀವೇ ಔಷಧ ಕೊಡಲು ಪ್ರತ್ಯೇಕ ಪರವಾನಗಿ ಬೇಡ, ಔಷಧ ನಿಯಮಗಳ ‘ಕೆ’ ಅನುಸೂಚಿ ಆ ವಿನಾಯಿತಿ ಕೊಡುತ್ತದೆ. ಆದರೆ ಕಪಾಟಿನ ಮುಂದೆ ಅಂಗಡಿಯಂತೆ ಮಾರಿದರೆ ವಿನಾಯಿತಿ ಹೋಗುತ್ತದೆ. ಖರೀದಿ ಬಿಲ್ಲುಗಳನ್ನು ಕಾದಿಡಿ. ಮೇಲೆ ಹೇಳಿದ 2002ರ ನಿಯಮಗಳಂತೆ ಒಳರೋಗಿ ದಾಖಲೆ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು. ಕ್ಲಿನಿಕ್‌ನಲ್ಲೂ ಅದನ್ನೇ ರೂಢಿ ಮಾಡಿಕೊಳ್ಳಿ. ಮೊದಲ ಆರು ತಿಂಗಳು ಖರ್ಚು ಹುಟ್ಟುವುದಿಲ್ಲವೆಂದೇ ಎಣಿಸಿ, ಅಷ್ಟು ಬಾಡಿಗೆ ಮತ್ತು ಒಬ್ಬ ಸಹಾಯಕರ ಸಂಬಳ ಕೈಯಲ್ಲಿಟ್ಟುಕೊಂಡೇ ಶುರು ಮಾಡಿ.

ಹೆಜ್ಜೆ 8: ವಿದೇಶ

ಹೊರಡುವ ಮೊದಲು ಒಂದು ನಿಯಮ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳಲ್ಲಿ ಪಡೆದು, ಅಲ್ಲಿ ತಜ್ಞರಾಗಿ ಪ್ರಾಕ್ಟೀಸ್ ಮಾಡಲು ಅರ್ಹತೆ ಕೊಡುವ ಪಿಜಿಗೆ ಭಾರತದಲ್ಲಿ ಮಾನ್ಯತೆ ಇದೆ. ಜರ್ಮನಿ ಆ ಪಟ್ಟಿಯಲ್ಲಿಲ್ಲ. ಅಲ್ಲಿ 5–6 ವರ್ಷದ ಸಂಬಳಸಹಿತ ತಜ್ಞ ತರಬೇತಿ ಸಿಗುವುದು ನಿಜ. ಬಿ2 ಮಟ್ಟದ ಜರ್ಮನ್, ಆಮೇಲೆ ವೈದ್ಯಕೀಯ ಭಾಷಾ ಪರೀಕ್ಷೆ, ಅಪ್ರೊಬೇಷನ್ ಎಂಬ ವೈದ್ಯ ಪರವಾನಗಿಗಾಗಿ ಜ್ಞಾನ ಪರೀಕ್ಷೆ ಎಂದು ಎರಡು ವರ್ಷ ಅದಕ್ಕೇ ಹೋಗಬಹುದು. ಮರಳಿ ಊರಲ್ಲಿ ತಜ್ಞರಾಗಿ ಕೂರುವ ಆಸೆಯಿದ್ದರೆ ಯೋಚಿಸಿ ಹೆಜ್ಜೆ ಇಡಿ.

ಅಮೆರಿಕಕ್ಕೆ ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯ (ಯುಎಸ್‌ಎಂಎಲ್‌ಇ) ಸ್ಟೆಪ್ 1, ಸ್ಟೆಪ್ 2 ಸಿಕೆ, ಇಂಗ್ಲಿಷ್ ಪರೀಕ್ಷೆ ಒಇಟಿ ಮುಗಿಸಿ, ವಿದೇಶಿ ವೈದ್ಯ ಪದವೀಧರರಿಗೆ ಕೊಡುವ ಇಸಿಎಫ್‌ಎಂಜಿ ಪ್ರಮಾಣಪತ್ರ. ಸ್ಟೆಪ್ 1 ಜನವರಿ 2022ರಿಂದ ಪಾಸು-ಫೇಲು ಮಾತ್ರ, ಹಾಗಾಗಿ ಸ್ಟೆಪ್ 2ರ ಅಂಕವೇ ಎದ್ದು ಕಾಣುತ್ತದೆ. ಅರ್ಜಿ ಸೆಪ್ಟೆಂಬರ್‌ನಲ್ಲಿ, ತರಬೇತಿ ಸ್ಥಾನ ಹಂಚುವ ‘ಮ್ಯಾಚ್’ನ ಫಲಿತಾಂಶ ಮಾರ್ಚ್‌ನಲ್ಲಿ, ಕೆಲಸ ಜುಲೈನಲ್ಲಿ. ಅಲ್ಲಿ ತರಬೇತಿ ಪಡೆಯುವವರ ಜೆ-1 ವೀಸಾಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ ಪತ್ರ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ತವರಿಗೆ ಮರಳುವ ಷರತ್ತು ಅದಕ್ಕಂಟಿಕೊಂಡಿದೆ.

ಬ್ರಿಟನ್ನಿಗೆ ವಿದೇಶಿ ವೈದ್ಯರ ಅರ್ಹತಾ ಪರೀಕ್ಷೆಯಾದ ಪ್ಲ್ಯಾಬ್ 1 (180 ಪ್ರಶ್ನೆ, 3 ಗಂಟೆ) ಇಲ್ಲಿಂದಲೇ ಬರೆಯಬಹುದು, ಪ್ಲ್ಯಾಬ್ 2 ಮ್ಯಾಂಚೆಸ್ಟರ್‌ನಲ್ಲಿ. ಅಲ್ಲಿನ ವೈದ್ಯಕೀಯ ಪರಿಷತ್ತಾದ ಜಿಎಂಸಿಯ ನೋಂದಣಿ ಸಿಕ್ಕಿದ್ದು ಕೆಲಸ ಸಿಕ್ಕಂತಲ್ಲ. ಒಂದೊಂದು ಹುದ್ದೆಗೆ ನೂರಾರು ಅರ್ಜಿ ಬೀಳುತ್ತಿವೆ, ನೋಂದಣಿಯಾಗಿ ತಿಂಗಳುಗಟ್ಟಲೆ ಕಾಯುತ್ತಿರುವವರಿದ್ದಾರೆ. ಪ್ಲ್ಯಾಬ್ 2ರ ಪ್ರಯಾಣಕ್ಕೆ ಸಾಲ ಮಾಡುವ ಮೊದಲು ಇದನ್ನು ಮನೆಯವರಿಗೆ ಸ್ಪಷ್ಟವಾಗಿ ಹೇಳಿ.

ಹೆಜ್ಜೆ 9: ಸ್ಟೆತಸ್ಕೋಪ್ ಆಚೆ

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಎಂಪಿಎಚ್ (ಸಾರ್ವಜನಿಕ ಆರೋಗ್ಯ ಸ್ನಾತಕೋತ್ತರ), ಐಐಟಿ ಖರಗಪುರದ 3 ವರ್ಷದ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸ್ನಾತಕೋತ್ತರ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಆಡಳಿತ ಕೋರ್ಸು ಹೆಸರಾದವು. ಪ್ರತಿಯೊಂದಕ್ಕೂ ತನ್ನದೇ ಪ್ರವೇಶ ಪ್ರಕ್ರಿಯೆ, ನೀಟ್ ಪಿಜಿಗೆ ಸಂಬಂಧವಿಲ್ಲ. ಕೋರ್ಸಿಲ್ಲದೆ ನೇರ ಸೇರುವಂಥವು ವಿಮಾ ಕ್ಲೇಮ್ ಪರಿಶೀಲನೆ, ಔಷಧ ಸುರಕ್ಷತಾ ವರದಿ, ವೈದ್ಯಕೀಯ ಬರಹ. ಇಲ್ಲಿ ಸೇರಿ ಮೂರು ವರ್ಷ ಕಳೆದರೆ ರೋಗಿಯ ಹಾಸಿಗೆಗೆ ಮರಳುವುದು ಕಷ್ಟ. ಮರಳುವ ಮನಸ್ಸಿದ್ದರೆ ವಾರಕ್ಕೆ ಒಂದು ದಿನವಾದರೂ ಎಲ್ಲಾದರೂ ಹೊರರೋಗಿಗಳನ್ನು ನೋಡುತ್ತಿರಿ.

ಕಾಗದಗಳು

ಯಾವ ದಾರಿ ಹಿಡಿದರೂ ಪ್ರತಿ ಕೆಲಸ ಬಿಡುವಾಗ ಅನುಭವ ಪತ್ರವನ್ನು ಅಂದೇ ಪಡೆಯಿರಿ. ಅದರಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ವಿಭಾಗ, ಪೂರ್ಣಾವಧಿಯೋ ಅಲ್ಲವೋ, ಸಹಿ ಮಾಡಿದವರ ನೋಂದಣಿ ಸಂಖ್ಯೆ ಇರಲಿ. ವಿದೇಶದ ನೋಂದಣಿ ಸಂಸ್ಥೆಗಳು ಆರಂಭ–ಅಂತ್ಯದ ದಿನ ಕೂಡ ಹೋಲಿಸಿ ನೋಡುತ್ತವೆ. ರಾಜ್ಯ ಪರಿಷತ್ತಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಸಿಎಂಇ (ನಿರಂತರ ವೈದ್ಯಕೀಯ ಶಿಕ್ಷಣ) ಅಂಕಗಳು ಬೇಕು. ಡ್ರಾಪ್‌ನಲ್ಲಿರುವವರು ಇದನ್ನು ಮರೆತು ಕೊನೆಯ ತಿಂಗಳಲ್ಲಿ ಸಮ್ಮೇಳನಗಳ ಹಿಂದೆ ಓಡುತ್ತಾರೆ. ತಿಂಗಳಿಗೊಂದು ಮಾನ್ಯ ಕಾರ್ಯಕ್ರಮಕ್ಕೆ ಹೋಗಿ ಪತ್ರ ತಂದು, ಅದೇ ಫೋಲ್ಡರ್‌ಗೆ ಹಾಕಿಡಿ.